ಕೈಗೆ ಸಿಗೋ ಕಡೆ

"ನನ್ನ ಮೆನು ಮುಟ್ಟಿದ್ದು ಯಾರು?"

ರಕ್ತ ಪರೀಕ್ಷೆಯ ಆ ಲ್ಯಾಬಿನಲ್ಲಿ ಬೆಳಗಿನ ಸಾಲು ಬಾಗಿಲು ದಾಟಿತ್ತು. ಕೇಳಿದವಳು ಅಲ್ಲಿ ವರದಿ ಟೈಪ್ ಮಾಡುವವಳು. ಕಂಪ್ಯೂಟರಿನ ಮೂಲೆಯ ಗುಂಡಿ ಒತ್ತಿದರೆ ದಿನವೂ ಕಾಣುತ್ತಿದ್ದ ಉದ್ದನೆಯ ಮೆನು ಮಾಯ! ನಾಲ್ಕೇ ನಾಲ್ಕು ಚಿತ್ರಗಳು ಪಿಳಿಪಿಳಿ ನೋಡುತ್ತಿದ್ದವು.

"ನಾನೇ," ಎಂದು ಪ್ರಿಂಟರಿನ ಹಿಂದಿನಿಂದ ಒಬ್ಬ ತಲೆಯೆತ್ತಿದ. ಹಳೆಯ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಲು ಬಂದಿದ್ದ ಸಿಸ್ಟಮ್‌ನವನು. ವಾರದಿಂದ ಅಲ್ಲೇ ಓಡಾಡಿಕೊಂಡಿದ್ದರೂ ಇಬ್ಬರೂ ಮಾತಾಡಿದ್ದು ಇದೇ ಮೊದಲು.

"ನೀವು ಬಳಸೋದು ಈ ನಾಲ್ಕೇ ಅಲ್ವಾ ಮೇಡಂ? ಮಿಕ್ಕಿದ್ದು ಕಾಣದ ಹಾಗೆ ಮಾಡಿದೀನಿ. ಯಾವುದನ್ನೂ ಅಳಿಸಿಲ್ಲ."

"ನಾನು ಏನು ಬಳಸ್ತೀನಿ ಅಂತ ನಿಮಗೆ ಹೇಗೆ ಗೊತ್ತು? ಹಿಂದೆ ನಿಂತು ನೋಡ್ತಿದ್ರಾ?"

ಅವನ ಕಣ್ಣು ಅವಳ ಬ್ಯಾಂಡೇಜು ಕಟ್ಟಿದ ಬಲಗೈ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಸಾಲಿನ ಕಡೆ ಹೊರಳಿತು. ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿಕೊಂಡರು.

"ಮೊದಲು ಹೇಗಿತ್ತೋ ಹಾಗೇ ಮಾಡಿ. ಇನ್ನು ನನ್ನ ಟೇಬಲ್ ಹತ್ರ ಬರಬೇಡಿ."

ಅವನು ಹಳೆಯ ಮೆನುವನ್ನೇ ಮಾಡಿಕೊಟ್ಟು ಹೋದ.

ಪಾಪ, ಅವಳ ಸಿಟ್ಟು ಪೂರ್ತಿ ಅವನ ಮೇಲಿನದಲ್ಲ. ಅಣ್ಣನ ಮನೆಯಲ್ಲಿ ಇರುವವಳು. ಮೊನ್ನೆ ಕೆಲಸ ಮುಗಿಸಿ ಹೋದರೆ ಅವಳ ಕೋಣೆ ಮಕ್ಕಳ ಓದಿಗಾಗಿತ್ತು, ಮಂಚ ಹಜಾರದ ಮೂಲೆ ಸೇರಿತ್ತು. "ಇಲ್ಲಿ ನಿಂಗೆ ಗಾಳಿ ಚೆನ್ನಾಗಿ ಬರುತ್ತೆ ಅಂತ," ಎಂದಿದ್ದರು ಅತ್ತಿಗೆ.

ಎಲ್ಲರೂ ನನ್ನ ಒಳ್ಳೆಯದಕ್ಕೇ ಮಾಡೋರು... ಒಬ್ಬರಾದರೂ ಒಂದು ಮಾತು ಕೇಳಬಾರದಾ? ಮನೆಯಲ್ಲಿ ಜಗಳವಾಡುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟಿನಲ್ಲಿ ಚಳುಕು ಶುರುವಾಯಿತು. ಒಂದೊಂದು ವರದಿಗೂ ಮೆನು ತೆರೆ, ಒಳಗೆ ಹೋಗು, ಕೆಳಗೆ ಸರಿ, ಹುಡುಕು... ಬ್ಯಾಂಡೇಜು ಬಿಗಿ ಮಾಡಿಕೊಳ್ಳುತ್ತಿದ್ದಾಗ, ರಕ್ತ ತೆಗೆಯುವವಳು, ಎಲ್ಲರ ಬಾಯಲ್ಲಿ 'ಸೂಜಿ ಅಕ್ಕ', ಬಂದು ಪಕ್ಕದಲ್ಲಿ ಕೂತಳು.

"ಆ ಹುಡುಗನಿಗೆ ಹಾಗಾ ಅನ್ನೋದು? ನಿನ್ನ ಕೈಗೇನಾಗಿದೆ ಅಂತ ನನ್ನನ್ನ ಕೇಳಿದ್ದ ಕಣೇ. ಮೌಸ್ ಜಾಸ್ತಿ ಆಡಿಸಬಾರದಂತೆ ಅಂತ ನಾನೇ ಬಾಯಿಬಿಟ್ಟೆ. ನಿನ್ನೆ ಊಟ ಬಿಟ್ಟು ಅದನ್ನೇ ಮಾಡ್ತಾ ಕೂತಿದ್ದ. ಇವತ್ತಿಗೆ ಅವನ ಕೆಲಸ ಇಲ್ಲಿ ಮುಗೀತಂತೆ."

ನೋಡುತ್ತಿದ್ದದ್ದು ನಿಜ... ಆದರೆ ನನ್ನ ಕೈಯನ್ನಾ? ಮನೆಯಲ್ಲಿ ಇದೇನು ಬ್ಯಾಂಡೇಜು ಎಂದು ಇಲ್ಲಿಯವರೆಗೆ ಒಬ್ಬರೂ ಕೇಳಿರಲಿಲ್ಲ.

ಅವಳು ಎದ್ದು ಹೋದರೆ, ಹೊರಗಿನ ಕೋಣೆಯಲ್ಲಿ ಅವನು ಚೀಲದ ಜಿಪ್ ಎಳೆಯುತ್ತಿದ್ದ.

"ಕೈ ನೋವಿಗೋಸ್ಕರ ಮಾಡಿದ್ದು ಅಂತ ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

"ಅಷ್ಟು ಜನರ ಮುಂದೆ ನಿಮ್ಮ ನೋವಿನ ವಿಷಯ ಹೇಗೆ ಎತ್ತಲಿ?" ಅವನು ತಲೆ ತಗ್ಗಿಸಿದ. "ಆದ್ರೂ ತಪ್ಪು ನಂದೇ. ನಿಮ್ಮನ್ನ ಕೇಳಿ ಮಾಡಬೇಕಿತ್ತು. ಏನ್ಮಾಡ್ಲಿ... ಇಷ್ಟ ಆದವರ ಹತ್ರ ನಂಗೆ ನಾಲಿಗೆ ಹೊರಳಲ್ಲ."

ಅವಳು ಒಳಗೆ ಹೋಗಿ ತನ್ನ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಎಳೆದು ಹಾಕಿದಳು.

"ಬನ್ನಿ, ಕೂತ್ಕೊಳ್ಳಿ. ಈಗ ಕೇಳಿ ಮಾಡಿ."

ಅವನು ಮೆನು ತಿದ್ದುವ ಕಿಟಕಿ ತೆರೆದ.

"ವರದಿ ಎಲ್ಲಿರಲಿ?"

"ಎಲ್ಲಕ್ಕಿಂತ ಮೇಲೆ."

"ಪ್ರಿಂಟರು?"

"ಅದರ ಕೆಳಗೆ."

"ಆಟಗಳನ್ನ ಮರೆಮಾಡಲಾ?"

"ಒಂದಿರಲಿ. ಬೇಜಾರಾದಾಗ ಇಸ್ಪೀಟಾಡ್ತೀನಿ."

"ಅದು ಗೊತ್ತಿರಲಿಲ್ಲ," ಎಂದು ಅವನು ನಕ್ಕ.

"ಗೊತ್ತಿಲ್ಲದ್ದು ಇನ್ನೂ ಬೇಕಾದಷ್ಟಿದೆ."

ಎಲ್ಲವೂ ಅವಳು ಹೇಳಿದ ಜಾಗದಲ್ಲಿ ಕೂತವು. ಅವನು ಮಾತ್ರ ಏಳಲಿಲ್ಲ. ಕೈ ಮೌಸಿನ ಮೇಲೇ ಇತ್ತು.

"ಮತ್ತೆ... ನಾನೆಲ್ಲಿರಲಿ?"

ಯಾರಾದರೂ ಅವಳ ಇಷ್ಟ ಕೇಳಿ ಎಷ್ಟು ಕಾಲವಾಗಿತ್ತೋ! ಕಣ್ಣು ತುಂಬಿ ಬಂತು. ಬ್ಯಾಂಡೇಜು ಕಟ್ಟಿದ ಕೈಯನ್ನು ಮೆಲ್ಲಗೆ ಅವನ ಕೈ ಪಕ್ಕ ಇಟ್ಟಳು.

"ನಂಗೆ ತುಂಬಾ ಸುಸ್ತಾಗಿದೆ. ಹುಡುಕಿಸಬೇಡಿ ಅಷ್ಟೇ," ಎಂದಳು. "ಕೈಗೆ ಸಿಗೋ ಕಡೆ ಇರಿ."