ಒಳಗಿನಿಂದ ಬಿದ್ದ ಪೆಟ್ಟು

"ರಿವರ್ಸ್ ತಗೊಳ್ಳುವಾಗ ಗೋಡೆಗೆ ಮುತ್ತು ಕೊಟ್ರಾ?" ಪೇಂಟ್ ಅಂಗಡಿಯವನು ಕಣ್ಣಲ್ಲೇ ನಕ್ಕ.

ಕಾರಿನ ಡಿಕ್ಕಿಯ ಡೆಂಟಿಗೆ ಮೆತ್ತುವ ಪುಟ್ಟಿ, ಉಜ್ಜುಕಾಗದ ಕೇಳಿ ಬಂದಿದ್ದ ಟೈಲರ್ ಹುಡುಗಿ ತುಟಿ ಕಚ್ಚಿದಳು. "ಹಾಗೇ ಅಂದ್ಕೊಳ್ಳಿ. ರಿಪೇರಿ ನಂಗೇ ಕಲಿಸಿಕೊಡ್ತೀರಾ? ಗ್ಯಾರೇಜಿಗೆ ಕೊಡಬಾರದಂತೆ, ಅಣ್ಣನ ಅಪ್ಪಣೆ."

ಮರುದಿನ ಅಂಗಡಿಯ ಹಿಂದಿನ ಅಂಗಳಕ್ಕೆ ಕಾರು ತಂದಳು. ರಸ್ತೆಯಾಚೆ ಅಣ್ಣ ಸಿಗರೇಟು ಹಚ್ಚಿ ನಿಂತಿದ್ದ. ಡಿಕ್ಕಿಯ ಮುಚ್ಚಳ ಒಳಕ್ಕೆ ತಗ್ಗಿರಲಿಲ್ಲ. ಹೊರಕ್ಕೆ ಉಬ್ಬಿತ್ತು.

ಅಂಗಡಿಯವನ ನಗು ಅಲ್ಲೇ ಇಂಗಿತು. ಒಳಗೆ ಮರದ ತುಂಡು ಒತ್ತಿ ಹಿಡಿದು ಸುತ್ತಿಗೆಯನ್ನು ಅವಳ ಕೈಗಿಟ್ಟ. "ಮೆಲ್ಲಗೆ. ಸಿಟ್ಟಿನಿಂದ ಹೊಡೆದರೆ ತಗಡು ಹಿಗ್ಗತ್ತೆ."

"ನನ್ನ ಸಿಟ್ಟು ನೋಡಿದ್ದೀರಾ?"

"ಮೂಗಿನ ತುದೀಲೇ ಕೂತಿದೆಯಲ್ಲ!"

ಅವಳು ನಕ್ಕಳು. ಆದರೆ ಪ್ರತಿ ಪೆಟ್ಟಿಗೂ ಬೆಚ್ಚುತ್ತಿದ್ದಳು. ಹಳೆಯ ಬಣ್ಣ ಉಜ್ಜಿ ತೆಗೆದು, ತೆಳುವಾಗಿ ಪುಟ್ಟಿ ಎಳೆದು, ಒಣಗಿದ ಮೇಲೆ ಮತ್ತೆ ಉಜ್ಜಿದರು.

"ಈಗ ಕಣ್ಣು ಮುಚ್ಚಿ ಸವರಿ. ಏರುತಗ್ಗು ಅಂಗೈಗೇ ಸಿಗತ್ತೆ."

ಸವರುತ್ತಾ ಹೋದ ಅವಳ ಕೈ ಅವನ ಬೆರಳಿಗೆ ತಾಗಿ ಅಲ್ಲೇ ನಿಂತಿತು. ತೆಗೆಯಲಿಲ್ಲ. ತಲೆ ತಗ್ಗಿಸಿದವನಿಗೆ ಅವಳ ಕಾಲಿನ ಉಗುರುಗಳು ಕಂಡವು. ರಕ್ತ ಹೆಪ್ಪುಗಟ್ಟಿ ಕಪ್ಪಾಗಿದ್ದವು.

"ಒಳಗೆ ನಾನಿದ್ದೆ," ಅವಳು ಪಿಸುಗುಟ್ಟಿದಳು. "ಅಣ್ಣ ತಂದ ಸಂಬಂಧ ಬೇಡ ಅಂದೆ. ಡಿಕ್ಕೀಲಿ ಕೂಡಿಹಾಕಿದ. ಒದ್ದೆ, ಒದೀತಾನೇ ಇದ್ದೆ. ಆಮೇಲೆ 'ನೀನೇ ಕೆಡಿಸಿದ್ದು, ನೀನೇ ಸರಿಮಾಡು' ಅಂದ."

ನೆರಳೊಂದು ಕಾರಿನ ಮೇಲೆ ಬಿತ್ತು. ಅಣ್ಣ ಬಂದಿದ್ದ. ತಣ್ಣಗೆ ನಗುತ್ತಾ ಡಿಕ್ಕಿಯನ್ನು ಪೂರ್ತಿ ತೆರೆದ.

"ಚೆನ್ನಾಗಿ ಕಲಿತಿದ್ದೀಯ, ಪುಟ್ಟೀ. ಮುಚ್ಚಳ ಸರಿಯಾಗಿ ಕೂರತ್ತಾ ನೋಡೋಣ. ಬಾ, ಒಳಗೆ ಬಾ."

ಅಂಗಡಿಯವನು ಇಬ್ಬರ ನಡುವೆ ಬಂದು ನಿಂತ. ಅವಳು ಸುತ್ತಿಗೆ ಎತ್ತಿಕೊಂಡಳು. ಮರುಕ್ಷಣ ಅದನ್ನು ಕೆಳಗಿಟ್ಟು, "ಬರಲ್ಲ" ಎಂದಳು. ಆಮೇಲೆ ಅಂಗಡಿಯವನತ್ತ ತಿರುಗಿದಳು. "ನಿಮ್ಮ ಸ್ಕೂಟರ್ ತೆಗೀರಿ. ಪೊಲೀಸ್ ಸ್ಟೇಷನ್ನಿಗೆ."

ದಾರಿಯುದ್ದಕ್ಕೂ ಅಣ್ಣನ ಕಾರು ಹಿಂದೆಯೇ ಇತ್ತು. ಮುಂದೆ ಹಾಯಲಿಲ್ಲ, ಹಾರ್ನ್ ಹೊಡೆಯಲಿಲ್ಲ. ಅವಳು ತಿರುಗಿ ನೋಡದೆ ಅಂಗಡಿಯವನ ಬೆನ್ನಿಗೆ ಹಣೆ ಒತ್ತಿ ಕೂತಿದ್ದಳು.

ಸ್ಟೇಷನ್ನಿನ ಮಹಿಳಾ ಪೇದೆ ಅವಳ ಮಾತನ್ನೆಲ್ಲ ಕೇಳಿಸಿಕೊಂಡು, ಪಕ್ಕದಲ್ಲಿ ಪುಟ್ಟಿಯ ಧೂಳು ಮೆತ್ತಿಕೊಂಡು ನಿಂತವನತ್ತ ಕಣ್ಣು ಹಾಯಿಸಿದರು. "ಇವರು ನಿಮಗೇನಾಗಬೇಕು?"

ಗೇಟಿನಾಚೆ ಕಾರಿನ ಎಂಜಿನ್ ಇನ್ನೂ ಗುರುಗುಡುತ್ತಿತ್ತು.

"ನನ್ನವರಾಗಬೇಕು," ಎಂದಳು ಅವಳು.