ಕರಡಿಗೆ ಒಳಗೆ

"ಎಸ್ಸೆಸ್ಸೆಲ್ಸಿ ಫೇಲಾದವನ ಕೈಯಾಗ ದೇವರು ಕೊಟ್ರ ಇನ್ನೇನಾಗ್ತೈತಿ? ಬೀಳಿಸಿದ್ದಲ್ದ ಸುಳ್ಳು ಬ್ಯಾರೆ ಹೇಳ್ತೀಯೇನಲೇ?"

ವೀರೇಶ್ ಹೀಗೆ ಅಂದದ್ದು ಅರೋರಾ ಊರಿನ ತನ್ನ ಮನೆಯಲ್ಲಿ, ನೈರೋಬಿ ಟೂರಿನಿಂದ ಆಗಷ್ಟೇ ಮರಳಿದ್ದವರೆಲ್ಲರ ಎದುರು. ಎಲ್ಲರ ಕೈಯಲ್ಲೂ ಚಹಾ ಇತ್ತು. ಯಾರೂ ಕುಡಿಯಲಿಲ್ಲ, ಯಾರೂ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.

ನಾನು ಫೇಲಾದವನಲ್ಲ, ಪರೀಕ್ಷೆಗೇ ಕೂರದೆ ಶಾಲೆ ಬಿಟ್ಟವನು. ಅದನ್ನು ಹೇಳುವ ಬದಲು, ಯಾರೂ ಕೇಳದಿದ್ದರೂ ವ್ಯಾನಿನಿಂದ ನನ್ನ ಬ್ಯಾಗ್ ತಂದು ಕಾರ್ಪೆಟ್ ಮೇಲೆ ಬೋರಲು ಸುರಿದೆ. ಒಗೆಯದ ಬನಿಯನ್ನುಗಳು ಅಷ್ಟೂ ಜನರ ಕಾಲ ಬುಡದಲ್ಲಿ ಬಿದ್ದವು. ಅದನ್ನು ನೆನೆದರೆ ಇವತ್ತಿಗೂ ಕಿವಿ ಸುಡುತ್ತದೆ.

ಓಕ್ ಬ್ರೂಕ್‌ನ ನಜೀರ್ ಅಂಕಲ್ ಅವರ ಟೂರ್ ಕಂಪನಿಯಲ್ಲಿ ನಾನು ಜನರನ್ನು ಕರೆದೊಯ್ದು ಕರೆತರುವವನು. ವಿಮಾನ ನಿಲ್ದಾಣದಿಂದ ಎಲ್ಲರನ್ನೂ ವೀರೇಶ್ ಮನೆಗೆ ತಂದು ಇಳಿಸಿದ್ದೆ. ವೀರೇಶನ ತಾಯಿ ಗಂಗವ್ವ ಸ್ನಾನ ಮುಗಿಸಿ, ಪೂಜೆಗೆಂದು ಕೊರಳಲ್ಲಿದ್ದ, ಲಿಂಗ ಇಡುವ ಪುಟ್ಟ ಲೋಹದ ಕರಡಿಗೆ ತೆರೆದರು. ಒಳಗೆ ಇಷ್ಟಲಿಂಗ ಇರಲಿಲ್ಲ. ಲಿಂಗಪೂಜೆ ಆಗದೆ ಆಕೆ ಹನಿ ನೀರನ್ನೂ ಮುಟ್ಟುವವರಲ್ಲ.

"ನಾಳೆನೇ ನಜೀರ್‌ಗೆ ಫೋನ್ ಮಾಡ್ತೀನಿ. ಇನ್ನ ಯಾವ ಟೂರಿಗೂ ನೀ ಹೋಗಂಗಿಲ್ಲ," ಎಂದ ವೀರೇಶ್.

ನಾನು ಅಂಗಳಕ್ಕೆ ಹೋಗಿ ಗುಲ್‌ಶನ್ ಆಂಟಿಗೆ ಫೋನ್ ಮಾಡಿದೆ.

ಗುಲ್‌ಶನ್ ಆಂಟಿ ನಜೀರ್ ಅಂಕಲ್ ಅವರ ಅಕ್ಕ, ಮೈಸೂರಿನವರು. ಡಿಯರ್‌ಬಾರ್ನ್ ಕಡೆಯ ಕೋರ್ಟುಗಳಲ್ಲಿ ದುಭಾಷಿಯಾಗಿ ತಲೆ ಬೆಳ್ಳಗೆ ಮಾಡಿಕೊಂಡು ಈಗ ಅರೋರಾದಲ್ಲಿದ್ದಾರೆ. ನಾನು ಅವರ ಬೇಸ್‌ಮೆಂಟಿನಲ್ಲೇ ಇರುವವನು, ಅವರ ಕಾರಿನ ಡ್ರೈವರ್ ಕೂಡ. ನಮ್ಮ ಬಡಾವಣೆಯಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ಬಡಿಯುತ್ತಾರೆ. ಪಕ್ಕದ ಬೀದಿಯಿಂದ ಚಪ್ಪಲಿಯಲ್ಲೇ ನಡೆದು ಬಂದರು. ನನ್ನ ಬನಿಯನ್ನುಗಳನ್ನು ನೋಡಿ, "ಇದನ್ನ ಮೊದಲು ಎತ್ಕೊ ಕಲ್ಮೇಶ. ತನಿಖೆಗೆ ಇದರ ಅಗತ್ಯ ಇಲ್ಲ," ಎಂದರು.

ಅವರು ಕೇಳಿದರು, ನಾನು ಟೂರಿನ ಕೊನೆಯ ದಿನವನ್ನು ಹೇಳಿದೆ. ಬೆಳಿಗ್ಗೆ ನೈರೋಬಿ ಊರಿನ ಅಂಚಿನ ಅಭಯಾರಣ್ಯ. ಹಿಂದೆ ಗಗನಚುಂಬಿ ಕಟ್ಟಡಗಳು, ಮುಂದೆ ಹುಲ್ಲಿನಲ್ಲಿ ಸಿಂಹ. ಆಮೇಲೆ ತಬ್ಬಲಿ ಆನೆಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುವ ಜಾಗ. ಮಧ್ಯಾಹ್ನ ಜಿರಾಫೆಗಳಿಗೆ ಕೈಯಾರೆ ತಿನ್ನಿಸುವುದು. ಸಂಜೆ ಅಲ್ಲಿನ ಬುಡಕಟ್ಟುಗಳ ಕುಣಿತ, ರಾತ್ರಿ ವಿಮಾನ.

"ಕರಡಿಗೆ ಕೊರಳಿಂದ ಇಳಿದದ್ದು ಯಾವಾಗ?"

"ಜಿರಾಫೆ ಹತ್ರ, ಒಂದ ಸಲ. ಅದು ಮಾರುದ್ದ ನಾಲಗಿ ಚಾಚಿ ಅಜ್ಜಿ ಕೊರಳು ನೆಕ್ಕಿಬಿಡ್ತು. ಅವ್ರು ತೊಳಕೊಳ್ಳೋತನಕ ನಾ ಹಿಡಕೊಂಡಿದ್ದೆ. ತೆಗೆದು ನೋಡಿಲ್ಲ ಆಂಟಿ."

"ನೋಡ್ರಿ, ಇಂವನ ಕೈಗೇ ಬಂದಿತ್ತು!" ಎಂದ ವೀರೇಶ್, ಸೋಫಾದ ಮೇಲಿದ್ದ ಮಗಳ ಕಂದು ರೋಮದ ಗೊಂಬೆಗೆ ಮೊಣಕೈ ಊರುತ್ತ.

"ಏರ್‌ಪೋರ್ಟಲ್ಲಿ ಯಾರ ಸಾಮಾನನ್ನಾದರೂ ತಡೆದ್ರಾ?"

"ಇಲ್ಲ. ಇವ್ರ ಮಗಳು ಅಕ್ಷರಾಳ ಗೊಂಬೆಬ್ಯಾಗ್ ಒಂದನ್ನ ಎರಡ ಸಲ ಮಷಿನಿನಾಗ ಬಿಟ್ರು. ಕೂಸಿನ ಆಟಿಗಿ ಅಂತ ನಕ್ಕು ಕೊಟ್ರು."

ಆಂಟಿ ಕರಡಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆಲ್ಲ ಕನ್ನಡಿಯಂತೆ ಹೊಳೆಯುತ್ತಿತ್ತು. "ಇದನ್ನ ಯಾವಾಗ ತೊಳೆದಿದ್ದು ಗಂಗವ್ವ?"

"ಜಿರಾಫೆ ನೋಡಿದ ಹಿಂದಿನ ದಿನ ಸಂಜೀಕ, ಹೋಟೆಲಿನ್ಯಾಗ. ಹುಣಸಿಹಣ್ಣು ಹಚ್ಚಿ ತಿಕ್ಕಿದ್ದೆ."

"ಮಾರನೆಯ ಬೆಳಿಗ್ಗೆ ಲಿಂಗಕ್ಕೆ ವಿಭೂತಿ ಹಚ್ಚಿದ್ರಿ?"

"ಹಚ್ಚದ ಪೂಜಿ ಆಕ್ಕತೇನವಾ?"

ಆಂಟಿ ವೀರೇಶನ ಹೆಂಡತಿ ವರ್ಷಾಗೆ ಹೇಳಿ ಮಗುವನ್ನು ಕರೆಸಿದರು. ಏಳು ವರ್ಷದ ಅಕ್ಷರಾ ಬಂದು ಕರಡಿಗೆ ನೋಡಿ, "ದಟ್ಸ್ ಅಜ್ಜೀಸ್ ಡಬ್ಬಿ," ಎಂದಳು.

"ಹೌದಾ ಪುಟ್ಟಿ? ಅಜ್ಜಿಯ ಕಲ್ಲು ಎಲ್ಲಿದೆ?"

"ಕರಡಿಗೆ ಒಳಗೆ."

"ಆವಾಗಿನಿಂದ ಇದನ್ನೇ ಹೇಳ್ತಿದಾಳೆ," ಎಂದಳು ವರ್ಷಾ. "ಒಳಗಿದ್ದಿದ್ದು ಅವಳಿಗೂ ಗೊತ್ತು."

ಆಂಟಿ ಒಮ್ಮೆ ಕಣ್ಣು ಮುಚ್ಚಿ ತೆರೆದರು. "ಎಲ್ಲರೂ ಕೂತ್ಕೊಳ್ಳಿ," ಎಂದರು.

"ಮೊದಲು ಈ ಹುಡುಗನ ವಿಷಯ. ಬೆಳಿಗ್ಗೆ ವಿಭೂತಿ ಹಚ್ಚಿದ ಲಿಂಗ ಈ ಕರಡಿಗೆಯೊಳಗೆ ಇದ್ದಿದ್ದರೆ ಬೂದಿ ಅಂಟಿರಬೇಕಿತ್ತು. ಒಂದು ಕಣವೂ ಇಲ್ಲ."

"ಇಂವನ ಒರಸಿರಬೇಕು," ಎಂದ ವೀರೇಶ್.

"ಬೀಳಿಸಿ ಗಾಬರಿಯಾದವನು ಜಿರಾಫೆ ಮುಂದೆ ನಿಂತು ಸಂದುಸಂದೂ ಬಿಡದೆ ಪಾಲಿಶ್ ಮಾಡ್ತಾನಾ ವೀರೇಶ್? ಅಂದರೆ ಆ ದಿನ ಲಿಂಗ ಇದರೊಳಗೆ ಬರಲೇ ಇಲ್ಲ. ಕಲ್ಮೇಶ ಹಿಡಿದಿದ್ದು ಬರೀ ಡಬ್ಬಿ." ನಂತರ ಧ್ವನಿ ತಗ್ಗಿಸಿದರು. "ಗಂಗವ್ವ, ಒಳಗೆ ಇಡು ಅಂತ ಯಾರ ಕೈಗೆ ಕೊಟ್ರಿ?"

ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಹೊರಗ ವ್ಯಾನಿನ ಹಾರ್ನ್ ಒಂದ ಸವನ ಹೊಡಿಯಾಕತ್ತಿತ್ತು. ಸೀರಿ ಸರಿ ಮಾಡ್ಕೊಳ್ಳೂ ಗಡಿಬಿಡ್ಯಾಗ ಕೂಸಿನ ಕೈಯಾಗ ಕೊಟ್ಟೆ. ಅಂಗೈಮ್ಯಾಗಿನ ಲಿಂಗ ಇನ್ನೊಬ್ಬರ ಕೈಗೆ ಕೊಡಬಾರದವಾ. ಇಷ್ಟು ಮಂದಿ ಮುಂದ ಅದನ್ನ ಹೆಂಗ ಹೇಳ್ಲಿ? ಆಕಿ ಒಳಗಿಟ್ಟಾಳ ಅಂತ ತೆಗೆದು ನೋಡದ ಕರಡಿಗಿ ಕೊರಳಿಗೆ ಹಾಕ್ಕೊಂಡೆ, ಆಮ್ಯಾಲೆ ಕಳದೈತಿ ಅಂತನ ತಿಳಕೊಂಡೆ."

"ಕೊಡುವಾಗ ಏನಂದ್ರಿ?"

"ಮೊಮ್ಮಗಳಿಗೆ ನಮ್ಮ ಕಡೆ ಮಾತು ತಿಳಿಯಂಗಿಲ್ಲ. ಅದಕ್ಕ ಪುಸ್ತಕದಾಗಿನಂಗ ಬಿಡಿಸಿ ಹೇಳಿದೆ, 'ಕರಡಿಗೆ ಒಳಗೆ ಇಡು' ಅಂತ."

"ಮಗು ಅದನ್ನೇ ಮಾಡಿದೆ," ಎಂದರು ಆಂಟಿ. "ಅವಳ ಪಾಲಿಗೆ ಇದು ಡಬ್ಬಿ. ಕರಡಿಗೆ ಅನ್ನೋ ಹೆಸರೇ ಅವಳಿಗೆ ಗೊತ್ತಿಲ್ಲ. ಅಕ್ಷರಾ, ಕನ್ನಡ ಕ್ಲಾಸಲ್ಲಿ ಪ್ರಾಣಿಗಳ ಹೆಸರು ಕಲ್ತಿದೀಯಲ್ಲ, ಕರಡಿ ಅಂದ್ರೆ ಏನು?"

"ಬೇರ್!" ಎಂದು ಅಕ್ಷರಾ ಅಪ್ಪನ ಮೊಣಕೈ ಕೆಳಗಿನಿಂದ ತನ್ನ ಗೊಂಬೆಯನ್ನು ಎಳೆದುಕೊಂಡಳು. "ಐ ಟೋಲ್ಡ್ ಎವರಿಬಡಿ."

ಅದು ಕರಡಿ. ಬೆನ್ನಿಗೆ ಜಿಪ್ಪಿರುವ ಕರಡಿ.

"ಪ್ರತಿ ಸಲ ಕೇಳಿದಾಗಲೂ ಮಗು ನಿಜವನ್ನೇ ಹೇಳಿದೆ. ಅವಳು 'ಕರಡಿಗೆ' ಅಂದದ್ದು ಕರಡಿಯನ್ನ, ನಾವು ಕೇಳಿಸ್ಕೊಂಡಿದ್ದು ಈ ಡಬ್ಬಿಯನ್ನ. ಏರ್‌ಪೋರ್ಟಿನ ಮಷಿನ್‌ಗೆ ಕನ್ನಡ ಬರಲ್ಲ. ಹೊಟ್ಟೆಯಲ್ಲಿ ಕಲ್ಲಿದೆ ಅಂತ ಅದಕ್ಕೊಂದಕ್ಕೇ ಅನುಮಾನ ಬಂತು."

ವರ್ಷಾ ಜಿಪ್ ಎಳೆದಳು. ಹತ್ತಿಯ ನಡುವೆ, ಬೂದಿ ಮೆತ್ತಿದ ಪೂಜೆಯ ವಸ್ತ್ರವೊಂದು ಒಣಗಿ ಸುರುಟಿಕೊಂಡಿತ್ತು. ಅದರೊಳಗೆ ಲಿಂಗವಿತ್ತು. ಗಂಗವ್ವ ಅದನ್ನು ಅಂಗೈಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಎಲ್ಲರ ಎದುರೇ, "ತಪ್ಪಾತೋ ನಮ್ಮಪ್ಪ. ನನ್ನ ಮರ್ಯಾದಿ ಉಳಿಸ್ಕೊಳ್ಳಾಕ ನಿನ್ನ ಮರ್ಯಾದಿ ಕಳದೆ," ಎಂದರು. ಅಷ್ಟು ವಯಸ್ಸಾದವರಿಂದ ಆ ಮಾತು ಕೇಳಿ ನಾನೇ ತಲೆ ತಗ್ಗಿಸಿದೆ.

ಉಳಿದವರಿಗೆ ಜೀವ ಬಂತು. ಚಹಾ ಬಿಸಿ ಮಾಡುವ ಮಾತಾಯಿತು, ಸಿಂಹದ ಫೋಟೊಗಳು ಹೊರಬಂದವು. ಯಾರೋ ಕರಡಿಯ ಜೋಕು ಹೇಳಿದರು, ಎಲ್ಲರೂ ನಕ್ಕರು. ವೀರೇಶನೂ ನಕ್ಕ.

ನಾನು ಬ್ಯಾಗ್ ಎತ್ತಿಕೊಂಡು ಗರಾಜಿನ ಕಡೆಯಿಂದ ಹೊರಟೆ. ವೀರೇಶ್ ಹಿಂದೆಯೇ ಬಂದ. ಮನೆಯೊಳಗಿನ ಬಾಗಿಲನ್ನು ಎಳೆದು ಮುಚ್ಚಿದ, ಚಿಲಕ ಬಿತ್ತೋ ಇಲ್ಲವೋ ಎಂದು ತಿರುಗಿ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಶುರುಮಾಡಿದ.

"ಸಾರಿ ತಮ್ಮಾ. ಟೆನ್ಶನ್‌ನಾಗ ಏನೇನೋ ಅಂದೆ. ಮನಸ್ಸಿಗೆ ಹಚ್ಕೋಬ್ಯಾಡ. ನಜೀರ್‌ಗೆ ಏನೂ ಹೇಳಂಗಿಲ್ಲ, ಆತಿಲ್ಲ? ಒಳಗ ಬಾ, ಊಟ ಮಾಡ್ಕೊಂಡು ಹೋಗು."

ಒಳಗಿನ ನಗು ಮುಚ್ಚಿದ ಬಾಗಿಲನ್ನು ದಾಟಿ ಕೇಳಿಸುತ್ತಿತ್ತು. ಅವನ ಸಾರಿ ಆ ಬಾಗಿಲನ್ನು ದಾಟಿ ಒಳಗೆ ಹೋಗುವಂತಿರಲಿಲ್ಲ.

"ಏನಲೇ, ಮಾತಾಡು," ಎಂದ.

ನಾನು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ವ್ಯಾನಿನತ್ತ ನಡೆದೆ.