ಪಿಕಪ್ಪಿಗೆ ಕಟ್ಟಿದ ಉಸಿರು

“ಆ ಗಾಡಿಗೆ ಮಾತ್ರ ಇಂಜಿನ್ ಕೂರಿಸ್ಬೇಡಿ” ಎಂದು ಮಾವ ಹೇಳಿದ್ದು ಒಂದೇ ಸಲ. ಗ್ಯಾರೇಜಿನ ಹಿಂದಿನ ಷೆಡ್ಡಿನಲ್ಲಿ ಧೂಳು ಹೊದ್ದು ನಿಂತಿದ್ದ ಹಳೆಯ ಪಿಕಪ್ ಅದು. ಅದರ ಪೆಟ್ರೋಲ್ ಇಂಜಿನ್ ಜಾಮ್ ಆದ ಗಳಿಗೆಯಲ್ಲೇ ಅಡುಗೆಮನೆಯಲ್ಲಿ ಅತ್ತೆಯ ಉಸಿರು ನಿಂತಿತಂತೆ. ಜಗಳವಾಡಿ ಬಿಟ್ಟುಹೋದ ಗ್ಯಾರೇಜಿನ ಪಾಲುದಾರ ಗಾಡಿಗೆ ಮಾಟ ಮಾಡಿಸಿ, ಮನೆಯ ಹೆಣ್ಣಿನ ಉಸಿರನ್ನು ಇಂಜಿನ್ನಿಗೆ ಕಟ್ಟಿಸಿದ್ದನಂತೆ.

ಅಳಿಯನಿಗೆ ನಗು. ಮದುವೆಯಾಗಿ ಈ ಮನೆಗೆ, ಈ ಗ್ಯಾರೇಜಿಗೆ ಬಂದು ಇನ್ನೂ ಕಾಲು ಸರಿಯಾಗಿ ಊರಿರಲಿಲ್ಲ, ಆಗಲೇ ಎಲ್ಲ ಬಲ್ಲವನ ಗತ್ತು. “ಆಯಿಲ್ ನೋಡ್ದೆ ಓಡ್ಸಿದ್ರೆ ಯಾವ ಇಂಜಿನ್ನಾದ್ರೂ ಜಾಮ್ ಆಗುತ್ತೆ ಮಾವ. ಅದಕ್ಕೆ ಮಾಟ ಯಾಕೆ ಬೇಕು?” ಎಂದ. ಹೆಂಡತಿಯೂ ನಕ್ಕಳು. ಅವಳಿಗೆ ಅಪ್ಪನ ಮಾತಿಗಿಂತ ಗಂಡನ ಕೈಕೆಲಸದ ಮೇಲೆ ನಂಬಿಕೆ. ಹೊಸದರಲ್ಲಿ ಎಲ್ಲರದೂ ಹಾಗೇ.

ಹಳೆಯ ಇಂಜಿನ್ನನ್ನು ಚೈನ್ ಬ್ಲಾಕಿಗೆ ಹಾಕಿ ಎತ್ತಿದಾಗ ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ಕೆಳಗೆ ಚಾಸಿಯ ಚೌಕಟ್ಟಿನಲ್ಲಿ ಉದ್ದ ಕೂದಲು ಸುತ್ತಿದ ಮೊಳೆಗಳು. ಕೀಳಲು ನೋಡಿದ, ಬರಲಿಲ್ಲ. ಗ್ರೈಂಡರಿನಿಂದ ಅವುಗಳ ತಲೆ ಸವೆಸಿ ಮೇಲೆ ಬಣ್ಣ ಬಳಿದ. ಶನಿ ಹೆಗಲೇರಿದ್ದು ಅಲ್ಲೇ, ಆದರೆ ಹೇಳಿದರೆ ಕೇಳುವವರ್ಯಾರು? ಗುಜರಿಯಿಂದ ತಂದ ಡೀಸೆಲ್ ಇಂಜಿನ್ನನ್ನು ಬಿಚ್ಚಿ ಜೋಡಿಸಿದ, ಮೌಂಟಿಂಗ್ ಬೆಸೆದ, ಗೇರ್‌ಬಾಕ್ಸಿಗೆ ಹೊಂದಿಸಿದ.

ಮಟಮಟ ಮಧ್ಯಾಹ್ನ ಸ್ಟಾರ್ಟ್ ಮಾಡಿದ. ಕೀಲಿ ಒಂದೇ ಸಲ ತಿರುಗಿಸಿದ್ದಕ್ಕೆ ಹಿಡಿಯಿತು. ಷೆಡ್ಡಿನ ತಗಡು ನಡುಗಿತು, ಕರಿಹೊಗೆಗೆ ಹಗಲೇ ಕತ್ತಲಾಯಿತು. ಊಟಕ್ಕೆ ಕರೆಯಲು ಬಂದ ಹೆಂಡತಿ ಬಾಗಿಲಲ್ಲಿ ನಿಂತಳು. ಅವನು ನಿಲ್ಲಿಸುವ ವೈರ್ ಎಳೆದ. ನಿಲ್ಲಲಿಲ್ಲ. ಡೀಸೆಲ್ ಪೈಪ್ ಕಿತ್ತ. ನಿಲ್ಲಲಿಲ್ಲ. ಹದ ತಪ್ಪಿದ ಡೀಸೆಲ್ ಇಂಜಿನ್ ತನ್ನ ಆಯಿಲನ್ನೇ ಕುಡಿದು ಓಡುವುದುಂಟು. ಆಗ ಅದು ಗಾಳಿ ಎಳೆಯುವ ಬಾಯಿಯನ್ನೇ ಮುಚ್ಚಬೇಕು. ಮೆಕ್ಯಾನಿಕ್‌ಗಳೆಲ್ಲ ಮಾಡುವುದು ಅದನ್ನೇ. ಅವನೂ ಹಲಗೆ ತಂದು ಒತ್ತಿ ಹಿಡಿದ.

ಇಂಜಿನ್ ಬಿಕ್ಕಿತು. ಹೆಂಡತಿ ಕುಸಿದಳು. ಬಾಯಿ ತೆರೆದಿತ್ತು. ಉಸಿರಿರಲಿಲ್ಲ.

“ಹಲಗೆ ತೆಗೀರಿ” ಎಂದರು ಓಡಿಬಂದ ಮಾವ. ತೆಗೆದ. ಇಂಜಿನ್ ಗುಡುಗಿತು. ಅವಳ ಎದೆ ಏರಿತು, ಇಳಿಯಿತು.

ಪುಣ್ಯಾತ್ಮ ಅಷ್ಟಕ್ಕೇ ಬಿಡಬಾರದಿತ್ತೇ? ಹೊಗೆ ಕುಡಿದು ಅವಳಿಗೆ ತಲೆ ಸುತ್ತಿರಬೇಕು ಎಂದುಕೊಂಡ. ಖಾತ್ರಿ ಮಾಡಿಕೊಳ್ಳಲು, ಅವಳ ಮುಖ ನೋಡುತ್ತಲೇ ಇನ್ನೊಮ್ಮೆ ಮುಚ್ಚಿದ. ತುಟಿ ನೀಲಿಯಾಯಿತು. ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಹಲಗೆ ಜಾರಿ ಬಿತ್ತು, ಅವಳಿಗೆ ಉಸಿರು ಬಂತು.

ಆಮೇಲೆ ಅವನಿಗೆ ಭಯವಾಗಲಿಲ್ಲ, ಅಳುವೂ ಬರಲಿಲ್ಲ. ಮೈಯೆಲ್ಲ ಜೋಮು ಹಿಡಿದಂತಾಗಿತ್ತು. ಇಂಜಿನ್ ನಿಲ್ಲದಂತೆ ಡೀಸೆಲ್ ಪೈಪ್ ಮತ್ತೆ ಸಿಕ್ಕಿಸಿದ. ಈಗ ಕ್ಯಾನಿನಿಂದ ಡೀಸೆಲ್ ಸುರಿಯುವುದೇ ಅವನ ಬದುಕು. ಮಾವನೂ ಅವನೂ ಸರದಿಯ ಮೇಲೆ ಇಂಜಿನ್ ಕಾಯುತ್ತಾರೆ. ಅನ್ನ ತಿಂದರೂ ರುಚಿ ತಿಳಿಯದು. ಓಡುತ್ತಿರುವ ಇಂಜಿನ್ನಿನ ಆಯಿಲ್ ಬದಲಿಸಲಾಗದು, ಮೇಲಿಂದ ಮೇಲೆ ಸುರಿಯುತ್ತಾರೆ. ಹೆಂಡತಿ ಷೆಡ್ಡಿನ ಮೂಲೆಯಲ್ಲಿ ಗೋಡೆಗೊರಗಿ ಕೂತಿರುತ್ತಾಳೆ. ಕಣ್ಣು ಗಂಡನ ಕೈಯ ಮೇಲೆಯೇ.

ಒಂದು ಬೆಳಿಗ್ಗೆ ಸದ್ದಿನೊಳಗೆ ಸಣ್ಣಗೆ ಟಕಟಕ ಸೇರಿಕೊಂಡಿತು. ಮಾವ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದರು.

“ಇದು ಬೇರಿಂಗಿನ ಸದ್ದು, ಅದು ಹೋದ್ರೆ ಇಂಜಿನ್ ಜಾಮ್. ಹೊಸದೇ ಹಾಕಿದ್ರಲ್ಲ, ಅಳಿಯಂದಿರೇ?”

ಹಳೆಯದೇ ಇನ್ನೊಂದಷ್ಟು ದಿನ ಬರುತ್ತದೆ ಎಂದು ಅದನ್ನೇ ಹಾಕಿದ್ದ. ಕ್ಯಾನೆತ್ತಿ ಮತ್ತಷ್ಟು ಆಯಿಲ್ ಸುರಿದ. ಮೂಲೆಯಲ್ಲಿ ಹೆಂಡತಿ ಕೆಮ್ಮತೊಡಗಿದಳು.